ಬೇಟೆ ರೈಫಲ್‌ನ ತೋಟಾ: ಗುಂಡಿನ ರಚನೆ ಮತ್ತು ಕ್ರಿಂಪ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಪರವಾನಗಿಯ ಬಂದೂಕು ಇಟ್ಟುಕೊಂಡವರು, ಮರಾಠಾ ಲಘು ಪದಾತಿ ದಳದಂತಹ ರೆಜಿಮೆಂಟುಗಳಿಂದ ನಿವೃತ್ತರಾಗಿ ಊರಿಗೆ ಮರಳಿದ ಸೈನಿಕರು, ಉದ್ಯಮಬಾಗದ ಕಾರ್ಖಾನೆಗಳಲ್ಲಿ ಲೇಥ್ ಮೇಲೆ ದುಡಿಯುವ ಕುಶಲಕರ್ಮಿಗಳು ಮತ್ತು ಬೇಟೆ ಕಾನೂನುಬದ್ಧವಾಗಿರುವ ದೇಶಗಳಲ್ಲಿ ನೆಲೆಸಿದ ನಮ್ಮ ಭಾಗದವರು ಈ ವಿಷಯದಲ್ಲಿ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅವುಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಎಷ್ಟು ಮದ್ದು ತುಂಬಬೇಕೆಂಬ ಅಳತೆ ಈ ಪುಟದಲ್ಲಿ ಇಲ್ಲ. ಅದನ್ನು ಮದ್ದು ಮತ್ತು ಗುಂಡು ತಯಾರಕರು ಪ್ರಕಟಿಸುವ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ನಮ್ಮ ಜಿಲ್ಲೆಯಲ್ಲಿ ಮನೆಯಲ್ಲೇ ತೋಟಾ ತಯಾರಿಸಿ ಬೇಟೆಗೆ ಬಳಸಬಹುದೇ?

ಬೇಟೆಗೆ ಬಳಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೆಯ ಸೆಕ್ಷನ್ ವನ್ಯಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಕಬ್ಬಿನ ಗದ್ದೆಗೆ ನುಗ್ಗುವ ಕಾಡುಹಂದಿಯಾದರೂ ಅಷ್ಟೇ, ಯಡಹಳ್ಳಿಯ ಚಿಂಕಾರವಾದರೂ ಅಷ್ಟೇ, ಖಾನಾಪುರದ ಭೀಮಗಡ ಕಾಡಿನ ಅಂಚಿನಲ್ಲಿ ಕಾಣುವ ಜಿಂಕೆಯಾದರೂ ಅಷ್ಟೇ. ಸಕ್ಷಮ ಅರಣ್ಯಾಧಿಕಾರಿಯ ಲಿಖಿತ ಆದೇಶವಿಲ್ಲದೆ ಅವುಗಳ ಮೇಲೆ ಗುಂಡು ಹಾರಿಸುವುದು ಅಪರಾಧ. ಬೆಳೆ ಹಾಳಾಗಿದ್ದರೆ ಮೊದಲು ಹೋಗಬೇಕಾದದ್ದು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ.

ತಯಾರಿಕೆಯ ಪ್ರಶ್ನೆ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿಯೇ ತೋಟಾ ತುಂಬಲೂ ಸಾಕೆಂದು ಭಾವಿಸುವುದು ಅಪಾಯಕಾರಿ. ಕ್ರೀಡಾ ಶೂಟಿಂಗ್‌ನಲ್ಲಿ ತೊಡಗಿರುವವರು ಕೂಡ ಯಾವುದೇ ಸಲಕರಣೆ ತರಿಸುವ ಮೊದಲು ಪರವಾನಗಿ ನೀಡಿದ ಅಧಿಕಾರಿಯಿಂದ 2016ರ ಶಸ್ತ್ರಾಸ್ತ್ರ ನಿಯಮಗಳ ಅನ್ವಯ ಲಿಖಿತ ಉತ್ತರ ಪಡೆದುಕೊಳ್ಳಬೇಕು. ಬಾಯಿಮಾತಿನ ಭರವಸೆ ಸಾಲದು. ಆಯುಧದ ಕಾನೂನು ನಮ್ಮ ನೆಲದಲ್ಲಿ ಎಂದೂ ಸಣ್ಣ ಸಂಗತಿಯಾಗಿರಲಿಲ್ಲ. 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಬ್ರಿಟಿಷರ ವಿರುದ್ಧ ಎದ್ದು ನಿಂತದ್ದು ನಿಶ್ಶಸ್ತ್ರೀಕರಣ ಕಾಯ್ದೆಯ ಕಾರಣಕ್ಕೇ.

ಹಾಗಾದರೆ ಈ ಪುಟ ಯಾರಿಗೆ? ಕೈಯಿಂದ ತೋಟಾ ತುಂಬುವುದು ಕಾನೂನುಬದ್ಧವಾಗಿರುವ ಅಮೆರಿಕ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ಅದನ್ನು ಮಾಡುವವರಿಗೆ, ಮತ್ತು ಇಲ್ಲಿಯೇ ಕಾರ್ಖಾನೆಯ ತೋಟಾ ಕೊಂಡು ಅದು ಹೀಗೇಕೆ ಇದೆ ಎಂದು ತಿಳಿಯಬಯಸುವವರಿಗೆ. ಮುಂದಿನ ಉತ್ತರಗಳನ್ನು ಆ ಮಿತಿಯೊಳಗೇ ಓದಿಕೊಳ್ಳಬೇಕು.

ತೋಟಾ ಮತ್ತು ಗುಂಡು ಎರಡೂ ಒಂದೇ ಅಲ್ಲವೇ?

ಅಲ್ಲ. ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೂತು ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್, ಒಳಗಿನ ಮದ್ದು ಮತ್ತು ಬಾಯಿಯಲ್ಲಿ ಸಿಕ್ಕಿಸಿದ ಗುಂಡು, ಈ ನಾಲ್ಕೂ ಸೇರಿದರೆ ತೋಟಾ. ನಳಿಗೆಯಿಂದ ಹೊರಗೆ ಹೋಗುವುದು ಗುಂಡು ಮಾತ್ರ. ರೈಫಲ್ ತೋಟಾಗಳಲ್ಲಿ ಹೆಚ್ಚಿನವಕ್ಕೆ ಸೀಸೆಯಂತೆ ಕೊರಳೂ ಭುಜವೂ ಇರುತ್ತವೆ. ಈ ಪುಟದಲ್ಲಿ ಕೊರಳು ಎಂದಾಗಲೆಲ್ಲ ಗುಂಡನ್ನು ಹಿಡಿದಿರುವ ಆ ಕಿರಿದಾದ ಭಾಗವನ್ನೇ ಹೇಳಲಾಗಿದೆ.

ಕ್ರಿಂಪ್ ಎಂದರೇನು? ಅದಿಲ್ಲದಿದ್ದರೆ ಗುಂಡು ಉದುರಿ ಬೀಳುವುದಿಲ್ಲವೇ?

ಗುಂಡನ್ನು ಕೂರಿಸಿದ ಮೇಲೆ ಕೇಸಿನ ಬಾಯಿಯ ಅಂಚನ್ನು ಒಳಕ್ಕೆ ಒತ್ತಿ ಗುಂಡಿನ ಮೈಗೆ ಬಿಗಿಯುವ ಕ್ರಿಯೆಗೆ ಕ್ರಿಂಪ್ ಎನ್ನುತ್ತಾರೆ. ಆದರೆ ಗುಂಡನ್ನು ಹಿಡಿದಿಡುವ ಮೊದಲ ಶಕ್ತಿ ಅದಲ್ಲ, ಕೊರಳಿನ ಬಿಗಿ. ಚಕ್ಕಡಿಯ ಮರದ ಗಾಲಿಗಿಂತ ಕೊಂಚ ಚಿಕ್ಕದಾದ ಕಬ್ಬಿಣದ ಹಳಿಯನ್ನು ಕಾಯಿಸಿ ಏರಿಸಿದಾಗ ಅದು ತಣಿದು ಗಾಲಿಯನ್ನು ಹೇಗೆ ಕಚ್ಚಿ ಹಿಡಿಯುವುದೋ ಹಾಗೆ, ಡೈಯಲ್ಲಿ (ಕೇಸಿಗೆ ಆಕಾರ ಕೊಡುವ ಅಚ್ಚಿನಲ್ಲಿ) ಕಿರಿದು ಮಾಡಿದ ಕೊರಳು ತನ್ನೊಳಗೆ ಒತ್ತಿ ಕೂರಿಸಿದ ಗುಂಡನ್ನು ಹಿತ್ತಾಳೆಯ ಪುಟಿಯುವ ಗುಣದಿಂದಲೇ ಹಿಡಿದುಕೊಳ್ಳುತ್ತದೆ. ಸಾಮಾನ್ಯವಾಗಿ ಕೊರಳಿನ ಒಳವ್ಯಾಸ ಗುಂಡಿನ ವ್ಯಾಸಕ್ಕಿಂತ 0.05ರಿಂದ 0.08 ಮಿಲಿಮೀಟರ್‌ನಷ್ಟು ಕಡಿಮೆ ಇದ್ದರೆ ಸಾಕಾಗುತ್ತದೆ. ಈ ವ್ಯತ್ಯಾಸವನ್ನು ಮೈಕ್ರೋಮೀಟರ್ ಹಿಡಿದು ಅಳೆಯಬಲ್ಲವರಿಗೆ ವಿವರಿಸಬೇಕಾಗಿಲ್ಲ. ಬೇರಿಂಗನ್ನು ಶಾಫ್ಟಿನ ಮೇಲೆ ಬಿಗಿಯಾಗಿ ಕೂರಿಸುವ ಲೆಕ್ಕವೂ ಇದೇ.

ಕೊರಳಿನ ಬಿಗಿ ಸಾಲದೆ ಹೋದಾಗ ಅದನ್ನು ಕ್ರಿಂಪ್‌ನಿಂದ ಸರಿಪಡಿಸಬಹುದು ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಬೆರಳಿನಿಂದ ಒತ್ತಿದರೆ ಗುಂಡು ಒಳಗೆ ಜಾರುವಷ್ಟು ಸಡಿಲವಾಗಿದ್ದರೆ ದೋಷ ಕೊರಳಿನಲ್ಲಿದೆ. ಡೈಯೊಳಗಿನ ಕೊರಳು ಹಿಗ್ಗಿಸುವ ಗುಂಡಿ ದೊಡ್ಡದಾಗಿರಬಹುದು, ಹಿತ್ತಾಳೆ ತೆಳುವಾಗಿರಬಹುದು, ಅಥವಾ ಹಲವು ಸಲ ಬಳಸಿದ ಕೇಸು ಗಡುಸಾಗಿ ಪುಟಿಯುವ ಗುಣವೇ ಬದಲಾಗಿರಬಹುದು. ಮೂಲ ಹುಡುಕದೆ ಬಾಯಿಯನ್ನು ಮಾತ್ರ ಬಿಗಿದರೆ ಮಿಲಿಮೀಟರ್ ಅಗಲದ ಒಂದು ಅಂಚು ಇಡೀ ಕೊರಳಿನ ಕೆಲಸ ಮಾಡಬೇಕಾಗುತ್ತದೆ. ಅದು ಸಾಧ್ಯವಿಲ್ಲ.

ಹಾಗಾದರೆ ಎಲ್ಲ ಬೇಟೆ ತೋಟಾಗಳಿಗೂ ಕ್ರಿಂಪ್ ಬೇಕೇ?

ಬೇಕಿಲ್ಲ. ಬೋಲ್ಟ್ ಎಳೆದು ತೋಟಾ ಏರಿಸುವ, ಹದವಾದ ಹಿನ್ನೊದೆತದ ರೈಫಲ್‌ಗಳಲ್ಲಿ, ಉದಾಹರಣೆಗೆ 1906ರಿಂದ ಬಳಕೆಯಲ್ಲಿರುವ .30-06 ತೋಟಾ ಹಾರಿಸುವ ರೈಫಲ್‌ನಲ್ಲಿ, ಕೊರಳಿನ ಬಿಗಿ ಸರಿಯಾಗಿದ್ದರೆ ಕ್ರಿಂಪ್ ಇಲ್ಲದೆಯೂ ಗುಂಡು ಅಲುಗುವುದಿಲ್ಲ. ಕ್ರಿಂಪ್ ಅಗತ್ಯವಾಗುವುದು ಗುಂಡನ್ನು ಅದರ ಸ್ಥಾನದಿಂದ ಸರಿಸುವ ಬಲವೊಂದು ಇದ್ದಾಗ ಮಾತ್ರ. ಅಂತಹ ಸಂದರ್ಭಗಳನ್ನು ಒಂದೊಂದಾಗಿ ಅರಿತುಕೊಂಡರೆ ಉಳಿದ ಗೊಂದಲ ತಾನಾಗಿ ತಿಳಿಯಾಗುತ್ತದೆ.

ನಳಿಗೆಯ ಕೆಳಗೆ ತೋಟಾಗಳನ್ನು ಕೂಡಿಡುವ ಕೊಳವೆಯಂತಹ ಮ್ಯಾಗಝಿನ್ ಇರುವ ಲಿವರ್ ರೈಫಲ್ ಮೊದಲನೆಯದು. 1895ರ .30-30 ತೋಟಾ ಇದಕ್ಕೆ ಪ್ರಸಿದ್ಧ. ಅದರಲ್ಲಿ ತೋಟಾಗಳು ಒಂದರ ಹಿಂದೊಂದು ಸಾಲಾಗಿ ಮಲಗಿರುತ್ತವೆ ಮತ್ತು ಸ್ಪ್ರಿಂಗ್ ಅವನ್ನು ಒತ್ತುತ್ತಿರುತ್ತದೆ. ಪ್ರತಿ ಸಲ ಗುಂಡು ಹಾರಿದಾಗ ಇಡೀ ಸಾಲು ಹಿಂದಕ್ಕೂ ಮುಂದಕ್ಕೂ ಕುಲುಕುವುದರಿಂದ ಗುಂಡು ಕೇಸಿನೊಳಗೆ ಹುದುಗುವ ಸಂಭವ ಹೆಚ್ಚು. ಇಲ್ಲಿ ಕ್ರಿಂಪ್ ಕಡ್ಡಾಯ. ಗುಂಡಿನ ಮೂತಿಯೂ ಚಪ್ಪಟೆಯಾಗಿರಬೇಕು, ಏಕೆಂದರೆ ಚೂಪಾದ ಗಟ್ಟಿ ಮೂತಿ ಮುಂದಿನ ತೋಟಾದ ಪ್ರೈಮರ್ ಮೇಲೆಯೇ ಕೂತಿರುತ್ತದೆ. ಅದಕ್ಕೆ ಪೆಟ್ಟು ಬಿದ್ದರೆ ತೋಟಾ ಮ್ಯಾಗಝಿನ್ನಿನೊಳಗೇ ಸಿಡಿಯಬಹುದು. ಮೆದುವಾದ ರಬ್ಬರಿನಂತಹ ತುದಿಯುಳ್ಳ ಚೂಪು ಗುಂಡುಗಳನ್ನು ಹಾರ್ನಡಿ ಕಂಪನಿ ಹೊರತಂದದ್ದು ಈ ಅಡಚಣೆಯನ್ನು ನಿವಾರಿಸುವುದಕ್ಕಾಗಿಯೇ.

ಎರಡನೆಯದು ಭಾರೀ ಹಿನ್ನೊದೆತದ ರೈಫಲ್. 1912ರ .375 ಹಾಲೆಂಡ್ ಅಂಡ್ ಹಾಲೆಂಡ್, 1956ರ .458 ವಿಂಚೆಸ್ಟರ್ ಮ್ಯಾಗ್ನಮ್ ಮೊದಲಾದವನ್ನು ಆಫ್ರಿಕಾದಲ್ಲಿ ಕಾಡೆಮ್ಮೆ, ಆನೆಗಳಂತಹ ಪ್ರಾಣಿಗಳಿಗೆ ಬಳಸುತ್ತಾರೆ. ಮೇಲಿನ ತೋಟಾ ಹಾರಿದಾಗ ರೈಫಲ್ ಹಿಂದಕ್ಕೆ ಚಿಮ್ಮುತ್ತದೆ, ಆದರೆ ಮ್ಯಾಗಝಿನ್ನಿನಲ್ಲಿರುವ ತೋಟಾಗಳು ಜಡತ್ವದಿಂದ ಇದ್ದಲ್ಲೇ ಉಳಿಯಲು ನೋಡುತ್ತವೆ. ಮ್ಯಾಗಝಿನ್ನಿನ ಮುಂಗೋಡೆ ಬಂದು ಗುಂಡಿನ ಮೂತಿಗೆ ಬಡಿಯುತ್ತದೆ. ಹಿಡಿತ ಸಡಿಲವಿದ್ದರೆ ಗುಂಡು ಒಳಕ್ಕೆ ಇಳಿದು ಮದ್ದಿನ ಜಾಗ ಕಿರಿದಾಗುತ್ತದೆ, ಹಾರಿಸಿದಾಗ ಒತ್ತಡ ಏರುತ್ತದೆ. ಜೋಡಿನಳಿಗೆಯ ರೈಫಲ್‌ನಲ್ಲಿ ಇದಕ್ಕೆ ವಿರುದ್ಧ ಪರಿಣಾಮ ಕಾಣುತ್ತದೆ. ಒಂದು ನಳಿಗೆ ಹಾರಿದಾಗ ಇನ್ನೊಂದರಲ್ಲಿರುವ ತೋಟಾದ ಕೇಸು ರೈಫಲ್‌ನೊಂದಿಗೆ ಹಿಂದೆ ಸರಿಯುತ್ತದೆ, ಗುಂಡು ಮುಂದಕ್ಕೆ ಜರುಗಲು ನೋಡುತ್ತದೆ. ಎರಡೂ ಕಡೆ ಗಟ್ಟಿಯಾದ ಕ್ರಿಂಪ್ ಬೇಕು.

.45-70ರಂತಹ ನೇರ ಗೋಡೆಯ ಕೇಸುಗಳಿಗೂ ಕ್ರಿಂಪ್ ಮಾಡುತ್ತಾರೆ. ತಾನಾಗಿ ತೋಟಾ ಏರಿಸಿಕೊಳ್ಳುವ ರೈಫಲ್‌ಗಳಲ್ಲಿ ತೋಟಾ ರಭಸದಿಂದ ಚೇಂಬರಿನೊಳಗೆ (ತೋಟಾ ಕೂರುವ ನಳಿಗೆಯ ಹಿಂತುದಿಯೊಳಗೆ) ನುಗ್ಗುವುದರಿಂದ ಹಗುರವಾದ ಕ್ರಿಂಪ್ ಒಳ್ಳೆಯದೆಂದು ಹಲವರು ಹೇಳುತ್ತಾರೆ. ಅದನ್ನು ನಾನೂ ಒಪ್ಪುತ್ತೇನೆ.

ಸೈನ್ಯದ ಗುಂಡಿಗೂ ಬೇಟೆಯ ಗುಂಡಿಗೂ ಏನು ವ್ಯತ್ಯಾಸ?

ನಿವೃತ್ತ ಸೈನಿಕರು ಮೊದಲು ಕೇಳುವ ಪ್ರಶ್ನೆ ಇದು. ಸೈನ್ಯದ ಗುಂಡಿಗೆ ಮೂತಿಯವರೆಗೂ ಲೋಹದ ಹೊದಿಕೆ ಇರುತ್ತದೆ, ಅದು ಅರಳುವುದಿಲ್ಲ. ಬೇಟೆಯ ಗುಂಡು ದೇಹಕ್ಕೆ ತಾಗಿದ ಕೂಡಲೇ ಮೂತಿಯಿಂದ ಅರಳಿ ಅಣಬೆಯ ಆಕಾರ ತಾಳುವಂತೆ ರಚಿತವಾಗಿದೆ. ಅರಳಿದ ಗುಂಡು ತನ್ನ ಶಕ್ತಿಯನ್ನು ಬೇಗ ಬಿಟ್ಟುಕೊಡುವುದರಿಂದ ಪ್ರಾಣಿ ಗಾಯಗೊಂಡು ದೂರ ಓಡಿ ಎಲ್ಲೋ ನರಳಿ ಸಾಯುವ ಬದಲು ಬೇಗ ಸಾಯುತ್ತದೆ. ಬೇಟೆ ಕಾನೂನುಬದ್ಧವಾಗಿರುವ ಅನೇಕ ದೇಶಗಳಲ್ಲಿ ದೊಡ್ಡ ಪ್ರಾಣಿಗಳಿಗೆ ಅರಳುವ ಗುಂಡನ್ನೇ ಬಳಸಬೇಕೆಂಬ ನಿಯಮ ಇರುವುದು ಈ ಕಾರಣಕ್ಕೆ.

ಈ ಇತಿಹಾಸದ ಒಂದು ತುದಿ ನಮ್ಮ ದೇಶದಲ್ಲೇ ಇದೆ. ಹೊಗೆಯಿಲ್ಲದ ಮದ್ದನ್ನು ಫ್ರಾನ್ಸಿನ ಪಾಲ್ ವಿಯೇ 1884ರಲ್ಲಿ ರೂಪಿಸಿದ ಮೇಲೆ ಗುಂಡಿನ ವೇಗ ಹೆಚ್ಚಿತು. ಬರಿಯ ಸೀಸದ ಗುಂಡು ಆ ವೇಗ ತಡೆಯದೆ ನಳಿಗೆಯಲ್ಲಿ ಸವೆದುಹೋಗುತ್ತಿತ್ತು, ಆದ್ದರಿಂದ ತಾಮ್ರದ ಅಥವಾ ನಿಕಲ್ ಮಿಶ್ರಲೋಹದ ಹೊದಿಕೆ ಅನಿವಾರ್ಯವಾಯಿತು. ಹೊದಿಕೆಯ ಗುಂಡು ಅರಳುವುದಿಲ್ಲವೆಂದು 1890ರ ದಶಕದಲ್ಲಿ ಕಲ್ಕತ್ತದ ಹತ್ತಿರದ ಡಮ್‌ಡಮ್ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ ಕ್ಲೇ ಮೂತಿಯಲ್ಲಿ ಸೀಸ ತೆರೆದಿರುವ ಗುಂಡನ್ನು ತಯಾರಿಸಿದರು. 1899ರ ಹೇಗ್ ಘೋಷಣೆ ಅರಳುವ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಬೇಟೆಯಲ್ಲಿ ಆ ಬಗೆಯೇ ಉಳಿಯಿತು.

ಇನ್ನೊಂದು ಮಾತು: ಸೈನ್ಯದ ತೋಟಾಗಳಲ್ಲಿ ಗುಂಡಿಗೆ ಬಿಗಿಯಾದ ಕ್ರಿಂಪ್, ಕೊರಳಿಗೆ ತೇವ ತಡೆಯುವ ಅಂಟು, ಪ್ರೈಮರ್‌ಗೂ ಸುತ್ತಲೂ ಒತ್ತಿದ ಅಂಚು ಇರುವುದುಂಟು. ಅವು ಮಷೀನ್‌ಗನ್‌ನಲ್ಲಿ, ಮಳೆಯಲ್ಲಿ, ಕೆಸರಿನಲ್ಲಿ ನಡೆಯಬೇಕಾದ ತೋಟಾಗಳು. ಸೈನ್ಯ ಮಾಡುತ್ತದೆ, ಆದ್ದರಿಂದ ನಾವೂ ಮಾಡಬೇಕು ಎಂಬ ವಾದಕ್ಕೆ ಇಲ್ಲಿ ಆಧಾರವಿಲ್ಲ.

ಬೇಟೆಯ ಗುಂಡುಗಳಲ್ಲಿ ಎಷ್ಟು ಬಗೆ? ಕ್ರಿಂಪ್‌ಗೂ ಅವುಗಳ ರಚನೆಗೂ ಏನು ಸಂಬಂಧ?

ಸಂಬಂಧ ಬಹಳವಿದೆ. ಗುಂಡನ್ನು ಮೊದಲು ಆಯ್ಕೆ ಮಾಡಿ ನಂತರ ಕ್ರಿಂಪ್‌ನ ವಿಚಾರ ಮಾಡಬೇಕೇ ಹೊರತು ಕ್ರಿಂಪ್ ಡೈ ಕೊಂಡುತಂದು ಅದಕ್ಕೆ ಗುಂಡು ಹುಡುಕಬಾರದು.

ಅತಿ ಸಾಮಾನ್ಯ ಬಗೆಯಲ್ಲಿ ತೆಳುವಾದ ಹೊದಿಕೆಯೊಳಗೆ ಸೀಸದ ತಿರುಳನ್ನು ಒತ್ತಿ ತುಂಬಿರುತ್ತಾರೆ. ಹೊದಿಕೆ ಹೆಚ್ಚಾಗಿ ಶೇಕಡ 90ರಿಂದ 95ರಷ್ಟು ತಾಮ್ರ ಮತ್ತು ಉಳಿದ ಭಾಗ ಸತುವಿನ ಮಿಶ್ರಲೋಹ. ತಿರುಳನ್ನು ಗಡುಸು ಮಾಡಲು ಸೀಸಕ್ಕೆ ಸ್ವಲ್ಪ ಆಂಟಿಮನಿ ಸೇರಿಸುತ್ತಾರೆ. ಇದು ಅಗ್ಗ, ಚೆನ್ನಾಗಿ ಅರಳುತ್ತದೆ. ಆದರೆ ಹತ್ತಿರದಿಂದ, ಹೆಚ್ಚಿನ ವೇಗದಲ್ಲಿ, ಗಟ್ಟಿ ಮೂಳೆಗೆ ತಾಗಿದರೆ ಹೊದಿಕೆಯೂ ತಿರುಳೂ ಬೇರ್ಪಡಬಹುದು. ಮೆದು ತಿರುಳಿನ ಈ ಗುಂಡೇ ಅತಿಯಾದ ಕ್ರಿಂಪ್‌ನಿಂದ ಹೆಚ್ಚು ಹಾಳಾಗುವುದು.

ಬೇರ್ಪಡುವಿಕೆಗೆ ಜಾನ್ ನೋಸ್ಲರ್ 1940ರ ದಶಕದಲ್ಲಿ ಕಂಡುಕೊಂಡ ಉಪಾಯ ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ. ಮುಂದಿನ ಅರ್ಧ ಅರಳಿದರೂ ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಆಳಕ್ಕೆ ಇಳಿಯುತ್ತದೆ. ಅದು ಇಂದಿಗೂ ಪಾರ್ಟಿಶನ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. ತಿರುಳನ್ನು ಹೊದಿಕೆಗೆ ಬೆಸೆದು ಅಂಟಿಸುವುದು ಇನ್ನೊಂದು ಉಪಾಯ.

ಮೂರನೆಯ ಬಗೆಯಲ್ಲಿ ಸೀಸವೇ ಇಲ್ಲ, ಇಡೀ ಗುಂಡು ತಾಮ್ರದ್ದು. ಬಾರ್ನ್ಸ್ ಕಂಪನಿಯ ಎಕ್ಸ್ ಗುಂಡು 1980ರ ದಶಕದ ಕೊನೆಯಲ್ಲಿ ಇದನ್ನು ಜನಪ್ರಿಯಗೊಳಿಸಿತು. ಸೀಸದ ಚೂರುಗಳು ಮಾಂಸದಲ್ಲಿ ಉಳಿದು ಹದ್ದು, ರಣಹದ್ದುಗಳಿಗೆ ವಿಷವಾಗುತ್ತವೆಂದು ಕ್ಯಾಲಿಫೋರ್ನಿಯಾ ರಾಜ್ಯ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿಯಾಗಿ ನಿಷೇಧಿಸಿದೆ. ಅಲ್ಲಿರುವ ನಮ್ಮವರಿಗೆ ತಾಮ್ರದ ಗುಂಡು ಅನಿವಾರ್ಯ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 11.3 ಗ್ರಾಂ, ತಾಮ್ರದ್ದು ಸುಮಾರು 8.9 ಗ್ರಾಂ. ಆದ್ದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಉದ್ದವಾಗುತ್ತದೆ, ಕೇಸಿನೊಳಗೆ ಹೆಚ್ಚು ಜಾಗ ಹಿಡಿಯುತ್ತದೆ, ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿಯೂ ಚುರುಕಾಗಿರಬೇಕಾಗುತ್ತದೆ. ಹೀಗಾಗಿ ಸೀಸದ 180 ಗ್ರೇನ್ ಗುಂಡಿನ ಜಾಗದಲ್ಲಿ ತಾಮ್ರದ 165 ಅಥವಾ 150 ಗ್ರೇನ್ ಗುಂಡನ್ನು ಆರಿಸುವವರು ಹೆಚ್ಚು. (180 ಗ್ರೇನ್ ಎಂದರೆ ಸುಮಾರು 11.7 ಗ್ರಾಂ.) ತಾಮ್ರದ ಗುಂಡಿನ ಮೈಮೇಲೆ ಹಲವು ಆಳವಾದ ತೋಡುಗಳನ್ನು ಕೊರೆದಿರುತ್ತಾರೆ. ಅವು ಮುಖ್ಯವಾಗಿ ನಳಿಗೆಯೊಳಗಿನ ಘರ್ಷಣೆ ಮತ್ತು ಒತ್ತಡ ತಗ್ಗಿಸಲು ಇರುವಂಥವು. ಕ್ರಿಂಪ್ ಬೇಕಾದರೆ ಅವುಗಳಲ್ಲಿ ಒಂದನ್ನು ಬಳಸಿಕೊಳ್ಳಬಹುದು.

ಹಿಂಬದಿಯ ಆಕಾರವನ್ನೂ ಮರೆಯಬಾರದು. ಬುಡ ಚಪ್ಪಟೆಯಾಗಿದ್ದರೆ ಕೊರಳಿಗೆ ತಾಗುವ ಮೈ ಹೆಚ್ಚು. ಬುಡ ದೋಣಿಯ ಹಿಂಭಾಗದಂತೆ ಮೊನಚಾಗಿದ್ದರೆ ದೂರದಲ್ಲಿ ವೇಗ ಚೆನ್ನಾಗಿ ಉಳಿಯುತ್ತದೆ, ಆದರೆ ಆ ಇಳಿಜಾರಿನ ಭಾಗವನ್ನು ಕೊರಳು ಹಿಡಿಯಲಾರದು. ಗಿಡ್ಡ ಕೊರಳಿನ ತೋಟಾಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಗುಂಡಿನ ನಡುವಿನಲ್ಲಿ ನರ್ಲಿಂಗ್ ಮಾಡಿದಂತಹ ಪಟ್ಟಿ ಇರುತ್ತದಲ್ಲ, ಅದೇನು? ಅದಿಲ್ಲದ ಗುಂಡಿಗೂ ಕ್ರಿಂಪ್ ಮಾಡಬಹುದೇ?

ಅದಕ್ಕೆ ಕ್ಯಾನೆಲೂರ್ ಎಂದು ಹೆಸರು. ಕೇಸಿನ ಬಾಯಿ ಒಳಕ್ಕೆ ಮಡಚಿಕೊಂಡಾಗ ಕೂರಲೆಂದು ಮಾಡಿದ ತಗ್ಗು ಅದು. ಲೇಥ್ ಕೆಲಸ ಬಲ್ಲವರು ಅದನ್ನು ನರ್ಲಿಂಗ್ ಎಂದು ಗುರುತಿಸುವುದು ಸಹಜವೇ, ಏಕೆಂದರೆ ಹಲ್ಲಿರುವ ಚಕ್ರವನ್ನು ಒತ್ತಿ ಉರುಳಿಸುವ ಅದೇ ಬಗೆಯಿಂದ ಅದು ಮೂಡುತ್ತದೆ. ಕೆಲವು ಗುಂಡುಗಳಲ್ಲಿ ಹೊದಿಕೆಯನ್ನು ತಿರುಳಿಗೆ ಕಚ್ಚಿಸಿಡುವ ಕೆಲಸವನ್ನೂ ಅದು ಮಾಡುತ್ತದೆ.

ಪಟ್ಟಿಯಿಲ್ಲದ ಗುಂಡಿಗೆ ಮಡಿಸುವ ಕ್ರಿಂಪ್ ಮಾಡಲೇಬಾರದು. ಕೂರಲು ತಗ್ಗು ಇಲ್ಲದ್ದರಿಂದ ಹಿತ್ತಾಳೆಯ ಅಂಚು ಹೊದಿಕೆಯನ್ನೇ ಕೊರೆಯುತ್ತದೆ, ಅಥವಾ ಒತ್ತಡಕ್ಕೆ ದಾರಿ ಕಾಣದೆ ಕೇಸಿನ ಭುಜವೇ ಉಬ್ಬುತ್ತದೆ. ತಯಾರಕರು ಆ ಗುಂಡಿಗೆ ಪಟ್ಟಿ ಕೊಟ್ಟಿಲ್ಲವೆಂದರೆ ಅದು ಕೊರಳಿನ ಬಿಗಿಯಲ್ಲಿಯೇ ನಿಲ್ಲುವ ಗುಂಡೆಂದು ತಿಳಿಯಬೇಕು.

ಪಟ್ಟಿಯಿರುವ ಗುಂಡಿನಲ್ಲಿ ಬೇರೊಂದು ತೊಡಕು ಬರುತ್ತದೆ. ಪಟ್ಟಿಗೆ ಸರಿಯಾಗಿ ಬಾಯಿ ಕೂರಬೇಕೆಂದರೆ ತೋಟಾದ ಒಟ್ಟು ಉದ್ದವನ್ನು ಆ ಪಟ್ಟಿಯೇ ನಿರ್ಧರಿಸುತ್ತದೆ. ನಿಮ್ಮ ರೈಫಲ್ ಬಯಸುವ ಉದ್ದ ಬೇರೆಯಾಗಿದ್ದರೆ ಎರಡರಲ್ಲೊಂದನ್ನು ಬಿಡಬೇಕಾಗುತ್ತದೆ. ಕ್ರಿಂಪ್ ಕಡ್ಡಾಯವಾದ ರೈಫಲ್‌ನಲ್ಲಿ ಪಟ್ಟಿಯ ಮಾತು ಕೇಳಬೇಕು. ಕಡ್ಡಾಯವಲ್ಲದ ಕಡೆ ಉದ್ದದ ಮಾತು ಕೇಳಿ, ಕ್ರಿಂಪ್ ಬಿಟ್ಟುಬಿಡಬೇಕು.

ರೋಲ್, ಟೇಪರ್, ಕಾಲೆಟ್ ಎಂದು ಕ್ರಿಂಪ್ ಡೈಗಳಲ್ಲಿ ಬಗೆಗಳಿವೆ. ಯಾವುದು ಯಾವುದಕ್ಕೆ?

ರೋಲ್ ಕ್ರಿಂಪ್ ಬಾಯಿಯ ಅಂಚನ್ನು ಒಳಕ್ಕೆ ಸುರುಳಿಸಿ ಪಟ್ಟಿಯೊಳಗೆ ಇಳಿಸುತ್ತದೆ. ಲಿವರ್ ರೈಫಲ್, ಭಾರೀ ಹಿನ್ನೊದೆತದ ರೈಫಲ್ ಮತ್ತು ನೇರ ಕೇಸುಗಳಿಗೆ ಇದು ಸೂಕ್ತ. ಟೇಪರ್ ಕ್ರಿಂಪ್ ಅಂಚನ್ನು ಮಡಚದೆ, ಬಾಯಿಯ ಕಡೆಯ ಕೊಂಚ ಭಾಗವನ್ನು ಇಳಿಜಾರಾಗಿ ಬಿಗಿಯುತ್ತದೆ. ಚೇಂಬರಿನಲ್ಲಿ ಬಾಯಿಯ ಅಂಚಿನ ಆಧಾರದ ಮೇಲೆಯೇ ನಿಲ್ಲುವ ಪಿಸ್ತೂಲಿನ ತೋಟಾಗಳಿಗೆ ಇದು ಬೇಕೇ ಬೇಕು, ಅಲ್ಲಿ ಅಂಚನ್ನು ಮಡಚಿದರೆ ತೋಟಾ ಆಳಕ್ಕೆ ಜಾರುತ್ತದೆ. ಕಾಲೆಟ್ ಬಗೆಯ ಡೈ, ಅಂದರೆ ಲೀ ಕಂಪನಿಯ ಫ್ಯಾಕ್ಟರಿ ಕ್ರಿಂಪ್ ಡೈಯಂಥದ್ದು, ಲೇಥ್‌ನ ಕಾಲೆಟ್‌ನಂತೆಯೇ ಸೀಳಿದ ತುಂಡುಗಳಿಂದ ಕೊರಳನ್ನು ಪಕ್ಕದಿಂದ ಒತ್ತುತ್ತದೆ. ಮೇಲಿನಿಂದ ಕೆಳಕ್ಕೆ ತಳ್ಳುವ ಬಲ ಇಲ್ಲದಿರುವುದರಿಂದ ಭುಜ ಉಬ್ಬುವ ಭಯ ಕಡಿಮೆ, ಕೇಸುಗಳ ಉದ್ದದಲ್ಲಿ ಅಲ್ಪ ವ್ಯತ್ಯಾಸವಿದ್ದರೂ ನಡೆಯುತ್ತದೆ. ಸೀಸೆಯಾಕಾರದ ರೈಫಲ್ ತೋಟಾಗೆ ಕ್ರಿಂಪ್ ಮಾಡಲೇಬೇಕಾದರೆ ನಾನು ಮೊದಲು ಸೂಚಿಸುವುದು ಇದನ್ನೇ.

ಹೆಚ್ಚು ಬಿಗಿದರೆ ಹೆಚ್ಚು ಭದ್ರವಲ್ಲವೇ?

ಅಲ್ಲ. ಇದು ಎಲ್ಲಕ್ಕಿಂತ ಹಾನಿಕಾರಕವಾದ ತಪ್ಪು ತಿಳಿವಳಿಕೆ. ಡೈ ಒತ್ತಿದಾಗ ಹಿತ್ತಾಳೆ, ಹೊದಿಕೆ, ಸೀಸ ಮೂರೂ ಒಟ್ಟಿಗೆ ಒಳಕ್ಕೆ ಸರಿಯುತ್ತವೆ. ಒತ್ತಡ ತೆಗೆದಾಗ ಹಿತ್ತಾಳೆ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ, ಸೀಸ ಪುಟಿಯುವುದಿಲ್ಲ. ಫಲವಾಗಿ ಹೊರಗಿನಿಂದ ಬಿಗಿಯಾಗಿ ಕಾಣುವ ಕೊರಳಿಗೂ ಕುಗ್ಗಿದ ಗುಂಡಿಗೂ ನಡುವೆ ಹಿಡಿತ ಮೊದಲಿಗಿಂತ ಕಡಿಮೆಯಾಗಬಹುದು. ಗುಂಡಿನ ಸುತ್ತಳತೆ ಹಾಳಾದ್ದರಿಂದ ಅದು ನಳಿಗೆಯಲ್ಲಿ ಸಮವಾಗಿ ಸಾಗುವುದಿಲ್ಲ, ಗುರಿ ಚದುರುತ್ತದೆ.

ಎರಡನೆಯ ಹಾನಿ ಭುಜದ ಉಬ್ಬು. ಕೊರಳು ಮತ್ತು ಭುಜ ಸೇರುವಲ್ಲಿ ಕೂದಲೆಳೆಯಷ್ಟು ಉಬ್ಬಿದರೂ ತೋಟಾ ಚೇಂಬರಿಗೆ ಇಳಿಯುವುದಿಲ್ಲ, ಅಥವಾ ಅರ್ಧ ಇಳಿದು ಸಿಕ್ಕಿಹಾಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಈ ಉಬ್ಬನ್ನು ಚೇಂಬರ್ ಗೇಜ್‌ನಲ್ಲಿ ತೋಟಾ ಇಳಿಸಿ ನೋಡಿದರೆ ಕೂಡಲೇ ಪತ್ತೆ ಹಚ್ಚಬಹುದು.

ಕ್ರಮವಾಗಿ ಏನು ಮಾಡಬೇಕು?

ರೋಲ್ ಕ್ರಿಂಪ್‌ಗೆ ಕೇಸುಗಳ ಉದ್ದ ಒಂದೇ ಆಗಿರುವುದು ಎಲ್ಲಕ್ಕಿಂತ ಮುಖ್ಯ. ಡೈ ಒಂದೇ ಎತ್ತರಕ್ಕೆ ನಿಂತಿರುತ್ತದೆ, ಆದ್ದರಿಂದ ಉದ್ದದ ಕೇಸಿಗೆ ಅತಿಯಾಗಿ, ಗಿಡ್ಡದಕ್ಕೆ ಕಡಿಮೆಯಾಗಿ ಕ್ರಿಂಪ್ ಬೀಳುತ್ತದೆ. ಹೀಗಾಗಿ ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ಬಾಯಿಯ ಒಳ ಹೊರ ಅಂಚಿನ ಚಿಪ್ಪು ತೆಗೆದು, ಆಮೇಲೆಯೇ ಮುಂದುವರಿಯಬೇಕು. ಗುಂಡು ಕೂರಿಸುವ ಡೈಯಲ್ಲಿಯೇ ಕ್ರಿಂಪ್ ಮಾಡುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ಆದರೆ ಒಂದೇ ಎಳೆತದಲ್ಲಿ ಎರಡೂ ಕೆಲಸ ಮಾಡಿದರೆ ಗುಂಡು ಇನ್ನೂ ಕೆಳಗಿಳಿಯುತ್ತಿರುವಾಗಲೇ ಬಾಯಿ ಅದನ್ನು ಕಚ್ಚತೊಡಗುತ್ತದೆ. ಮೊದಲು ಎಲ್ಲ ತೋಟಾಗಳಿಗೂ ಗುಂಡು ಕೂರಿಸಿ ಮುಗಿಸಿ, ನಂತರ ಬೇರೆಯ ಸುತ್ತಿನಲ್ಲಿ ಕ್ರಿಂಪ್ ಮಾಡುವುದು ನಿಧಾನವಾದರೂ ಸರಿಯಾದ ಮಾರ್ಗ. ಪಟ್ಟಿಯ ಮೇಲಂಚು ಬಾಯಿಗಿಂತ ತುಸು ಮೇಲೆ ಕಾಣುವಂತಿರಬೇಕು.

ಕ್ರಿಂಪ್‌ನಿಂದ ಗುರಿ ಸುಧಾರಿಸುತ್ತದೆಯೇ?

ಕೆಲವು ರೈಫಲ್‌ಗಳಲ್ಲಿ ಸುಧಾರಿಸಿದೆ, ಕೆಲವುಗಳಲ್ಲಿ ಕೆಟ್ಟಿದೆ. ಕೊರಳಿನ ಬಿಗಿ ತೋಟಾದಿಂದ ತೋಟಾಗೆ ಬದಲಾಗುತ್ತಿದ್ದರೆ ಸಮನಾದ ಹಗುರ ಕ್ರಿಂಪ್ ಗುಂಡು ಬಿಡುಗಡೆಯಾಗುವ ಬಲವನ್ನು ಒಂದೇ ಮಟ್ಟಕ್ಕೆ ತರಬಹುದು. ಬಿಗಿ ಮೊದಲೇ ಸಮನಾಗಿದ್ದರೆ ಹೊಸದಾಗಿ ಸಿಗುವುದೇನೂ ಇಲ್ಲ. ಗುರಿಯ ಸ್ಪರ್ಧೆಗಾಗಿ ತೋಟಾ ತುಂಬುವವರಲ್ಲಿ ಹೆಚ್ಚಿನವರು ಕ್ರಿಂಪ್ ಮಾಡದಿರುವುದು ಇದಕ್ಕೆ ಸಾಕ್ಷಿ.

ಅದೇ ತೂಕದ ಬೇರೆ ಕಂಪನಿಯ ಗುಂಡು ಸಿಕ್ಕಿದರೆ ಅದೇ ಮದ್ದಿನ ಅಳತೆ ನಡೆಯುವುದಿಲ್ಲವೇ?

ನಡೆಯುತ್ತದೆಂದು ಭಾವಿಸಬಾರದು. ತೂಕ ಒಂದೇ ಇದ್ದರೂ ಹೊದಿಕೆಯ ಗಡಸುತನ, ನಳಿಗೆಗೆ ತಾಗುವ ಮೈಯ ಉದ್ದ, ಕೇಸಿನೊಳಗೆ ಇಳಿಯುವ ಆಳ ಇವೆಲ್ಲ ಬೇರೆಯಾಗಿರುತ್ತವೆ, ಒತ್ತಡವೂ ಬದಲಾಗುತ್ತದೆ. .30-06 ತೋಟಾಗೆ ಅಮೆರಿಕದ ಮಾನದಂಡ ಅನುಮತಿಸುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 60,000 ಪೌಂಡ್. ಅದರ ಹತ್ತಿರ ನಿಂತಿರುವ ತೋಟಾದಲ್ಲಿ ಸಣ್ಣ ಬದಲಾವಣೆಯೂ ಗೆರೆ ದಾಟಿಸಬಹುದು. ಗುಂಡು, ಪ್ರೈಮರ್, ಕೇಸು, ಮದ್ದಿನ ಹೊಸ ಡಬ್ಬಿ ಇವುಗಳಲ್ಲಿ ಯಾವುದೇ ಒಂದು ಬದಲಾದರೂ, ಮೊದಲು ಇಲ್ಲದ ಕ್ರಿಂಪ್ ಸೇರಿಸಿದರೂ, ಕೈಪಿಡಿಯ ಆರಂಭಿಕ ಅಳತೆಗೆ ಹಿಂದಿರುಗಿ ಹಂತ ಹಂತವಾಗಿ ಏರಬೇಕು. ಬೋಲ್ಟ್ ಎತ್ತಲು ಬಿಗಿಯಾಗುವುದು, ಪ್ರೈಮರ್ ಚಪ್ಪಟೆಯಾಗುವುದು ಕಂಡರೆ ಅಲ್ಲಿಯೇ ನಿಲ್ಲಿಸಬೇಕು.

ಬಿಸಿಲಿನ ಮಾತೂ ಇಲ್ಲಿ ಬರುತ್ತದೆ. ವಿಜಯಪುರದ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಕಾರಿನೊಳಗೆ ಇನ್ನೂ ಹೆಚ್ಚು. ಅನೇಕ ಮದ್ದುಗಳು ಬಿಸಿಯಾದಾಗ ಹೆಚ್ಚು ಒತ್ತಡ ಕೊಡುತ್ತವೆ. ಚಳಿಯ ನಾಡಿನಲ್ಲಿ ಸರಿಯೆನಿಸಿದ ಅಳತೆ ಬಿಸಿನಾಡಿನಲ್ಲಿ ಅತಿಯಾಗಬಹುದು. ಆಸ್ಟ್ರೇಲಿಯಾದ ಒಳನಾಡಿನಲ್ಲಿರುವವರಿಗೂ ಇದೇ ಎಚ್ಚರಿಕೆ.

ಕೊರಳಿನಲ್ಲಿ ಬಿರುಕು ಬಿಟ್ಟ ತೋಟಾಗಳು ಸಿಗುತ್ತವೆ. ಇದು ಕ್ರಿಂಪ್‌ನ ದೋಷವೇ?

ಕ್ರಿಂಪ್ ಒಂದು ಕಾರಣ, ಆದರೆ ಪೂರ್ಣ ಕಾರಣವಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದಲ್ಲಿ ಮಳೆಗಾಲದಲ್ಲಿ ತೋಟಾಗಳ ಹಿತ್ತಾಳೆ ತಾನಾಗಿ ಬಿರಿಯುತ್ತಿತ್ತು. ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದುದಕ್ಕೂ ಬಿರುಕಿಗೂ ಸಂಬಂಧವಿರುವುದು ಬಹುಕಾಲದ ನಂತರ, 1921ರಲ್ಲಿ ಪ್ರಕಟವಾದ ಅಧ್ಯಯನದಿಂದ ಸ್ಪಷ್ಟವಾಯಿತು. ಕುದುರೆಯ ಮೂತ್ರದಿಂದ ಏಳುವ ಅಮೋನಿಯ, ಗಾಳಿಯ ತೇವ ಮತ್ತು ಲೋಹವನ್ನು ಒತ್ತಿ ರೂಪಿಸಿದಾಗ ಅದರೊಳಗೆ ಉಳಿದ ಬಿಗುವು, ಈ ಮೂರೂ ಕೂಡಿದಾಗ ಹಿತ್ತಾಳೆ ಬಿರಿಯುತ್ತದೆ. ಕೇಸಿನ ಹಿತ್ತಾಳೆಯಲ್ಲಿ ಸುಮಾರು ಶೇಕಡ 70 ತಾಮ್ರ, 30 ಸತು. ಆ ಮಿಶ್ರಣ ಅಮೋನಿಯಕ್ಕೆ ಬೇಗ ಬಲಿಯಾಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಇದು ಹಳೆಯ ಕತೆಯಾಗಿ ಉಳಿದಿಲ್ಲ. ತೋಟದ ಮನೆಯಲ್ಲಿ ದನದ ಕೊಟ್ಟಿಗೆಗೆ ಅಂಟಿಕೊಂಡ ಕೋಣೆ, ಅದರಲ್ಲಿ ಯೂರಿಯಾ ಚೀಲ, ಅದೇ ಕೋಣೆಯ ಕಪಾಟಿನಲ್ಲಿ ಬಂದೂಕು ಮತ್ತು ತೋಟಾ ಇರುವುದನ್ನು ಕಂಡಿದ್ದೇನೆ. ಖಾನಾಪುರದ ಕಡೆಯ ಮಳೆಗಾಲದ ತೇವವೂ ಸೇರಿದರೆ ಬಿರುಕಿಗೆ ಬೇಕಾದದ್ದೆಲ್ಲ ಒದಗಿದಂತೆಯೇ. ಕೊರಳು ಗುಂಡನ್ನು ಹಿಡಿದು ಸದಾ ಬಿಗುವಿನಲ್ಲಿರುತ್ತದೆ, ಕ್ರಿಂಪ್ ಆ ಬಿಗುವನ್ನು ಹೆಚ್ಚಿಸುತ್ತದೆ, ಆದ್ದರಿಂದ ಬಿರುಕು ಮೊದಲು ಅಲ್ಲಿಯೇ ಕಾಣುತ್ತದೆ. ತೋಟಾಗಳನ್ನು ಕೊಟ್ಟಿಗೆ ಮತ್ತು ಗೊಬ್ಬರದಿಂದ ದೂರ, ಒಣಗಿದ, ಬೀಗ ಹಾಕಿದ ಜಾಗದಲ್ಲಿಡಬೇಕು. ಅಮೋನಿಯ ಇರುವ ಪಾಲಿಶ್ ಬಳಸಿ ಹಿತ್ತಾಳೆಯನ್ನು ಹೊಳೆಯಿಸಬಾರದು.

ಇದಕ್ಕೆ ಕಾರ್ಖಾನೆಗಳು ಮಾಡುವ ಪರಿಹಾರ ಕೊರಳನ್ನು ಹದವಾಗಿ ಕಾಯಿಸಿ ಮೆತ್ತಗೆ ಮಾಡುವುದು. ಹೊಸ ಕೇಸುಗಳ ಕೊರಳಿನ ಹತ್ತಿರ ಕಾಣುವ ನೀಲಿ, ಕಂದು ಛಾಯೆ ಅದರದ್ದೇ ಗುರುತು. ಹಲವು ಸಲ ಬಳಸಿದ ಕೇಸನ್ನು ಮತ್ತೆ ಹೀಗೆ ಕಾಯಿಸುವವರು ಬುಡದ ಭಾಗಕ್ಕೆ ಬಿಸಿ ತಾಗದಂತೆ ನೋಡಿಕೊಳ್ಳಬೇಕು. ಬುಡ ಮೆತ್ತಗಾದ ಕೇಸು ಒತ್ತಡ ತಡೆಯಲಾರದು, ಅದನ್ನು ಎಸೆಯುವುದೇ ಸರಿ.

ಗುಂಡಿನ ಹಿಡಿತ ಸಾಕಷ್ಟಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ವರ್ನಿಯರ್ ಕ್ಯಾಲಿಪರ್ ಇದ್ದರೆ ಸಾಕು. ಮ್ಯಾಗಝಿನ್ ತುಂಬುವ ಮೊದಲು ಪ್ರತಿ ತೋಟಾದ ಒಟ್ಟು ಉದ್ದ ಅಳೆದು ಬರೆದಿಡಿ. ಮಾನ್ಯತೆಯುಳ್ಳ ಶೂಟಿಂಗ್ ರೇಂಜಿನಲ್ಲಿ ಕೊನೆಯದೊಂದನ್ನು ಉಳಿಸಿ ಮಿಕ್ಕವನ್ನು ಹಾರಿಸಿ, ಉಳಿದದ್ದನ್ನು ತೆಗೆದು ಮತ್ತೆ ಅಳೆಯಿರಿ. ಎಲ್ಲ ಹಿನ್ನೊದೆತಗಳನ್ನೂ ತಿಂದಿರುವ ತೋಟಾ ಅದು. ಉದ್ದ ಬದಲಾಗದಿದ್ದರೆ ನಿಮ್ಮ ರೈಫಲ್‌ಗೆ ಈಗಿರುವ ಹಿಡಿತವೇ ಸಾಕು. ಗಿಡ್ಡವಾಗಿದ್ದರೆ ಮೊದಲು ಕೊರಳಿನ ಬಿಗಿಯನ್ನು, ನಂತರ ಕ್ರಿಂಪ್ ಅನ್ನು ಪರಿಶೀಲಿಸಬೇಕು. ಮೂತಿಯ ಮೆದು ಸೀಸ ಜಜ್ಜಿಹೋಗಿ ಅಳತೆ ತಪ್ಪಬಹುದು, ಆದ್ದರಿಂದ ಗುಂಡಿನ ಬಾಗಿದ ಮೈಮೇಲೆ ಕೂರುವ ಕಂಪ್ಯಾರೇಟರ್ ಎಂಬ ಅಳತೆ ಸಾಧನ ಇದ್ದರೆ ಇನ್ನೂ ಒಳ್ಳೆಯದು.

ಅಂಗಡಿಯಲ್ಲಿ ಸಿಗುವ .315 ತೋಟಾದ ಖಾಲಿ ಕೇಸನ್ನು ಮತ್ತೆ ತುಂಬಬಹುದೇ?

ಮೊದಲ ಪ್ರಶ್ನೆಯಲ್ಲಿ ಹೇಳಿದ ಕಾನೂನು ಇದಕ್ಕೂ ಅನ್ವಯಿಸುತ್ತದೆ, ಉತ್ತರ ಅಲ್ಲಿಗೇ ಮುಗಿಯುತ್ತದೆ. ತಾಂತ್ರಿಕವಾಗಿ ತಿಳಿಯಬಯಸುವವರಿಗೆ ಒಂದು ಮಾತು: ಖಾಲಿ ಕೇಸಿನ ಬಾಯಿಯಿಂದ ಟಾರ್ಚ್ ಬಿಟ್ಟು ತಳ ನೋಡಿದಾಗ ನಡುವಿನಲ್ಲಿ ಒಂದೇ ತೂತು ಕಂಡರೆ ಅದು ಬಾಕ್ಸರ್ ಪ್ರೈಮರ್ ಬಗೆ, ಎರಡು ಸಣ್ಣ ತೂತು ಕಂಡರೆ ಬರ್ಡಾನ್ ಬಗೆ. ಎರಡನೆಯದರಲ್ಲಿ ಸಾಮಾನ್ಯ ಡೈಯ ಪಿನ್ನು ಪ್ರೈಮರ್ ಹೊರದೂಡಲಾರದೆ ಮುರಿಯುತ್ತದೆ.

ತಾತನ ಕಾಲದ ತೋಟಾಗಳು ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿವೆ. ಗುಂಡನ್ನು ಕಿತ್ತು ಒಳಗೆ ಏನಿದೆ ನೋಡಬಹುದೇ?

ಬೇಡ. ಹಳೆಯ ತೋಟಾದಲ್ಲಿ ಗುಂಡು ಕೊರಳಿಗೆ ಕಿಲುಬು ಹಿಡಿದು ಬೆಸೆದುಕೊಂಡಿರುತ್ತದೆ. ಇಕ್ಕಳದಿಂದ ತಿರುಚುವುದು, ವೈಸ್‌ನಲ್ಲಿ ಹಿಡಿದು ಬಡಿಯುವುದು ಬೆರಳು ಮತ್ತು ಕಣ್ಣಿಗೆ ಅಪಾಯ. ಹಾರಿಸಿ ನೋಡುವುದು ಇನ್ನೂ ದೊಡ್ಡ ಅಪಾಯ, ಏಕೆಂದರೆ ಬೆಸೆದುಕೊಂಡ ಗುಂಡು ಬಿಡುಗಡೆಯಾಗಲು ಹೆಚ್ಚು ಬಲ ಬೇಡುತ್ತದೆ ಮತ್ತು ಒತ್ತಡ ಏರುತ್ತದೆ. ತಾತನ ಪರವಾನಗಿ ಅವರೊಂದಿಗೇ ಮುಗಿದಿದ್ದರೆ ಆ ತೋಟಾಗಳನ್ನು ಇಟ್ಟುಕೊಳ್ಳುವ ಅಧಿಕಾರವೂ ನಿಮಗಿಲ್ಲ. ಅವನ್ನು ಮುಟ್ಟದೆ ಹತ್ತಿರದ ಪೊಲೀಸ್ ಠಾಣೆಗೆ ವಿಷಯ ತಿಳಿಸಿ, ಒಪ್ಪಿಸಿದ್ದಕ್ಕೆ ಲಿಖಿತ ರಸೀದಿ ಪಡೆದುಕೊಳ್ಳಿ.